ಬೆಟ್ಟದ ಮೇಲಿನ ಮನೆ, ಬೆಟ್ಟದ್ದೇ ಆದ ಮನೆ

ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯನ್ನು ಬೆಳ್ಳೂರು ಕ್ರಾಸಿನಲ್ಲಿ ಬಿಟ್ಟು ಆದಿಚುಂಚನಗಿರಿಯ ದಾರಿ ಹಿಡಿದವರಿಗೆ ನಾಗಮಂಗಲ ಸೀಮೆಯ ನಿಜವಾದ ಮುಖ ಕಾಣತೊಡಗುತ್ತದೆ. ರಾಗಿ ಹೊಲಗಳು, ಅಲ್ಲಲ್ಲಿ ತೆಂಗಿನ ತೋಟಗಳು, ಅವುಗಳ ನಡುವೆ ನೆಲದೊಳಗಿನಿಂದ ಬೆನ್ನು ಎತ್ತಿದಂತೆ ನಿಂತ ಬೋಳು ಬಂಡೆಗಳು. ಆ ಬಂಡೆಗಳಲ್ಲಿ ದೊಡ್ಡದೊಂದು ಬೆಟ್ಟವಾಗಿ ಬೆಳೆದಿದೆ. ನಾಥಪರಂಪರೆಯ ಪುರಾತನ ಕ್ಷೇತ್ರ, ಕಾಲಭೈರವೇಶ್ವರನ ಸನ್ನಿಧಿ, ಶಾಲಾ ಕಾಲೇಜುಗಳಿಂದ ನಾಡಿಗೆಲ್ಲ ಪರಿಚಿತವಾದ ಮಠ, ನವಿಲುಧಾಮ ಎಲ್ಲವೂ ಆ ಒಂದು ಬೆಟ್ಟದ ಆಸರೆಯಲ್ಲಿವೆ.

ಕಳೆದ ಬೇಸಿಗೆಯಲ್ಲಿ ಪರಿಚಯದ ಯುವ ದಂಪತಿಗಳೊಡನೆ ಅಲ್ಲಿಗೆ ಹೋಗಿದ್ದೆ. ಮೆಟ್ಟಿಲ ಪಕ್ಕದ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ಆ ಯುವಕ ತನ್ನ ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದ. ಸಕಲೇಶಪುರದ ಕಡೆ ಬೆಟ್ಟದ ಇಳಿಜಾರಿನಲ್ಲಿ ಅವರು ಕೊಂಡಿರುವ ತುಂಡು ಜಮೀನಿನಲ್ಲಿ ಕಟ್ಟಲಿರುವ ಮನೆಯ ನಕ್ಷೆ ಅದು. ಗಾಳಿಗೆ ಹಾರಿಬಂದು ಬೆಟ್ಟದ ಮೇಲೆ ಕುಳಿತ ಎಲೆಯ ಆಕಾರದ ಮಾಡು, ಕಣಿವೆಯ ಕಡೆಗೆ ನೆಲದಿಂದ ಮಾಡಿನವರೆಗೆ ಗಾಜು, ಹಿಂದೆ ಕಾರು ನಿಲ್ಲಿಸಲು ವಿಶಾಲ ಅಂಗಳ. ಕೆಳಗೆ ಒಂದು ಸಾಲು: ಪ್ರಕೃತಿಯಿಂದ ಪ್ರೇರಿತವಾದ ಆಧುನಿಕ ಗಿರಿಗೃಹ. “ಹೇಗಿದೆ ಫಾದರ್?” ಎಂದ. ಚಿತ್ರ ನಿಜಕ್ಕೂ ಸುಂದರವಾಗಿತ್ತು. ಆದರೂ ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಅವರಿಬ್ಬರ ಹತ್ತು ವರ್ಷಗಳ ಉಳಿತಾಯ, ಅದರ ಮೇಲೆ ಬ್ಯಾಂಕಿನ ಸಾಲ ಆ ಎಲೆಯಡಿಯಲ್ಲಿ ಕುಳಿತುಕೊಳ್ಳಲಿತ್ತು. ಇಂಥ ಪ್ರಶ್ನೆಗೆ ಸೌಜನ್ಯದ ಮಾತು ಸಾಲದು. ಅಂದು ಕೊಡಲಾಗದ ಉತ್ತರವನ್ನು ಈ ಪುಟಗಳಲ್ಲಿ ಹುಡುಕುವ ಪ್ರಯತ್ನ ಮಾಡುತ್ತಿದ್ದೇನೆ.

ಪ್ರಕೃತಿಯಿಂದ ಪ್ರೇರಣೆ ಪಡೆಯುವುದೆಂದರೇನು? ಅದು ಎರಡು ಬಗೆಯಲ್ಲಿ ಸಾಧ್ಯವೆಂದು ತೋರುತ್ತದೆ. ಒಂದು, ಪ್ರಕೃತಿಯ ರೂಪವನ್ನು ಎರವಲು ಪಡೆಯುವುದು: ಎಲೆ, ಶಂಖ, ಹಕ್ಕಿಯ ರೆಕ್ಕೆ, ಅಲೆ. ಇನ್ನೊಂದು, ಪ್ರಕೃತಿಯ ನಡತೆಯನ್ನು ಕಲಿಯುವುದು: ಎಲೆ ತನ್ನ ಮೇಲೆ ಬಿದ್ದ ನೀರನ್ನು ತುದಿಯಿಂದ ಹೇಗೆ ಇಳಿಸುತ್ತದೆ, ಮರವು ಇಳಿಜಾರಿನಲ್ಲಿ ಹೇಗೆ ಬೇರೂರಿ ನಿಲ್ಲುತ್ತದೆ, ಬಂಡೆ ಹಗಲಿನ ಬಿಸಿಯನ್ನು ಹೇಗೆ ಹಿಡಿದಿಟ್ಟುಕೊಂಡು ರಾತ್ರಿ ಬಿಟ್ಟುಕೊಡುತ್ತದೆ ಎಂಬುದನ್ನು ಗಮನಿಸಿ ಹಾಗೆ ಕಟ್ಟುವುದು. ಮೊದಲನೆಯದು ಕಣ್ಣಿಗೆ ಒಡನೆಯೇ ಕಾಣುತ್ತದೆ, ಛಾಯಾಚಿತ್ರದಲ್ಲಿ ಚೆನ್ನಾಗಿ ಬರುತ್ತದೆ. ಎರಡನೆಯದು ಮೂರು ಮಳೆಗಾಲಗಳು ಕಳೆದ ಮೇಲೆ ಮಾತ್ರ ತಿಳಿಯುತ್ತದೆ. ಬೆಟ್ಟದ ಮನೆಯ ಕುರಿತ ಯಾವುದೇ ವಿಮರ್ಶೆ ಈ ಭೇದದಿಂದಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ.

ನಾವು ಕುಳಿತಿದ್ದ ಬೆಟ್ಟವೇ ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳುತ್ತದೆ. ಆದಿಚುಂಚನಗಿರಿಯ ಪಂಚಲಿಂಗಗಳ ಹೆಸರುಗಳನ್ನು ಕೇಳಿದವರು ಗಮನಿಸಿರಬಹುದು: ಅವುಗಳಲ್ಲಿ ಒಂದು ಗವಿ ಸಿದ್ಧೇಶ್ವರ, ಮತ್ತೊಂದು ಕತ್ತಲೆ ಸೋಮೇಶ್ವರ. ಬೆಟ್ಟ ಏನನ್ನು ಕೊಟ್ಟಿತೋ ಅದೇ ದೇವರ ಹೆಸರಿನೊಳಗೆ ಸೇರಿಕೊಂಡಿದೆ. ಗವಿ ಕೊಟ್ಟಲ್ಲಿ ಗವಿ, ಕತ್ತಲೆ ಕೊಟ್ಟಲ್ಲಿ ಕತ್ತಲೆ. ಹಿಂದಿನ ಸಾಧಕರು ಬಂಡೆಯ ಸಂದಿಯನ್ನು ಮನೆಯೆಂದು ಒಪ್ಪಿಕೊಂಡರು. ಅಲ್ಲಿಗೆ ಬೇಸಿಗೆಯ ಧಗೆ ತಟ್ಟುವುದಿಲ್ಲ, ಮಳೆಯ ಇರಚಲು ಬರುವುದಿಲ್ಲ, ಗೋಡೆಗೆ ಸುಣ್ಣ ಬಳಿಯುವ ಕೆಲಸವೂ ಇಲ್ಲ. ಇಂದು ಅದೇ ಬೆಟ್ಟದಲ್ಲಿ ದೊಡ್ಡ ದೇವಾಲಯವೂ ವಸತಿಗೃಹಗಳೂ ಇವೆ. ಸಹಸ್ರಾರು ಭಕ್ತರು ಬರುವ ಕ್ಷೇತ್ರಕ್ಕೆ ಅವು ಬೇಕು. ಆದರೂ ಬೆಟ್ಟದ ವಾಸದ ಮೊದಲ ಮಾದರಿ ಆ ಗವಿಯೇ.

ಇಲ್ಲಿಂದ ಸ್ವಲ್ಪ ದೂರದಲ್ಲೇ ಶ್ರವಣಬೆಳಗೊಳ. ಕ್ರಿ. ಶ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ, 57 ಅಡಿಗೂ ಎತ್ತರದ ಗೊಮ್ಮಟಮೂರ್ತಿಯನ್ನು ಯಾರೂ ಕೆಳಗಿನಿಂದ ಹೊತ್ತು ತಂದು ವಿಂಧ್ಯಗಿರಿಯ ಮೇಲೆ ಇಡಲಿಲ್ಲ. ಬೆಟ್ಟದ ತಲೆಯಲ್ಲಿದ್ದ ಬಂಡೆಯೇ ಮೂರ್ತಿಯಾಯಿತು; ಪಾದದ ಕೆಳಗಿನ ಕಲ್ಲು ಬೆಟ್ಟಕ್ಕೆ ಅಂಟಿಕೊಂಡೇ ಇದೆ. ಬೆಟ್ಟದ ಮೇಲಿರುವುದಕ್ಕೂ ಬೆಟ್ಟದ್ದೇ ಆಗಿರುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ನಮ್ಮ ನಾಡಿನಲ್ಲಿ ಬೇರೆ ಸಿಗಲಾರದು.

ಈ ಸೀಮೆಯ ಹಳೆಯ ಮನೆಗಳೂ ಇದೇ ಮಾತನ್ನು ತಮ್ಮದೇ ಮೆಲುದನಿಯಲ್ಲಿ ಹೇಳುತ್ತಿದ್ದವು. ಕಲ್ಲುಕಂಬದ ಜಗಲಿ, ಮಣ್ಣಿನ ದಪ್ಪಗೋಡೆ, ನಾಡಹೆಂಚಿನ ಮಾಡು, ನಡುವೆ ಬೆಳಕಿಗೂ ಮಳೆಗೂ ತೆರೆದ ತೊಟ್ಟಿ. ಕಲ್ಲು ಪಕ್ಕದ ಬಂಡೆಯದು, ಮಣ್ಣು ಊರಿನ ಕೆರೆಯದು. ಅವನ್ನು ಕಟ್ಟಿದವರು ಪ್ರಕೃತಿಪ್ರೇರಿತ ಎಂಬ ಪದವನ್ನು ಕೇಳಿಯೂ ಇರಲಿಲ್ಲ. ದೂರದಿಂದ ಸಾಮಗ್ರಿ ತರಿಸುವ ಶಕ್ತಿ ಅವರಿಗಿರಲಿಲ್ಲ. ಆ ಬಡತನವೇ ಅವರಿಗೆ ವಿವೇಕವನ್ನು ಕಲಿಸಿತು. ಇದನ್ನು ಹೇಳುವಾಗ ಹಳೆಯದನ್ನೆಲ್ಲ ಹೊಗಳುವ ಮೋಹಕ್ಕೆ ಬೀಳಬಾರದು. ಆ ಮನೆಗಳಲ್ಲಿ ಅಡಿಗೆಯ ಕೋಣೆ ಹೊಗೆಯಿಂದ ಕಪ್ಪಾಗಿರುತ್ತಿತ್ತು, ಸೊಸೆಯಂದಿರಿಗೆ ತಮ್ಮದೆಂಬ ಮೂಲೆ ಇರುತ್ತಿರಲಿಲ್ಲ, ಊರಿನ ಅಂಚಿನ ಕೇರಿಗೆ ಅಂಥ ಜಗಲಿಯ ಭಾಗ್ಯವೂ ಇರಲಿಲ್ಲ. ಆಧುನಿಕ ಮನೆ ಬೇಕೆನ್ನುವ ಆಸೆಯಲ್ಲಿ ನ್ಯಾಯವಿದೆ. ಹೀಗಿರುವಾಗ ನಾವು ಕೇಳಬೇಕಾದದ್ದು: ಆಧುನಿಕವಾದದ್ದು ಬೆಟ್ಟದ ಮಾತನ್ನು ಕೇಳಬಲ್ಲುದೇ?

ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಯಾಗಿ ಎತ್ತಿದವರು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಮನೆ ಬೆಟ್ಟದ ಮೇಲೆ ಹೇರಿದಂತಿರಬಾರದು, ಬೆಟ್ಟಕ್ಕೇ ಸೇರಿದ್ದಾಗಿರಬೇಕು ಎಂಬುದು ಅವರ ನಿಲುವು. 1911ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ತಮಗಾಗಿ ಕಟ್ಟಿಕೊಂಡ ಟಾಲಿಯೆಸಿನ್ ಮನೆಯನ್ನು ಅವರು ಬೆಟ್ಟದ ನೆತ್ತಿಯಲ್ಲಿ ಕೂರಿಸಲಿಲ್ಲ. ನೆತ್ತಿಗೆ ಸ್ವಲ್ಪ ಕೆಳಗೆ, ಹಣೆಯ ಭಾಗದಲ್ಲಿ, ಬೆಟ್ಟವನ್ನು ಸುತ್ತಿಕೊಳ್ಳುವಂತೆ ಕಟ್ಟಿದರು. ನೆತ್ತಿಯನ್ನು ಆಕ್ರಮಿಸಿದರೆ ಬೆಟ್ಟವೇ ಕಳೆದುಹೋಗುತ್ತದೆ ಎಂಬ ಅರಿವು ಅದರ ಹಿಂದಿತ್ತು. ಆ ಹೆಸರಿಗೆ ವೇಲ್ಸ್ ಭಾಷೆಯಲ್ಲಿ ಹೊಳೆಯುವ ಹಣೆ ಎಂಬ ಅರ್ಥವಿದೆ.

ಅವರ ಅತ್ಯಂತ ಪ್ರಸಿದ್ಧ ಗಿರಿಗೃಹ ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್. ಪಿಟ್ಸ್‌ಬರ್ಗಿನ ವ್ಯಾಪಾರಿ ಎಡ್ಗರ್ ಕಾಫ್‌ಮನ್ ಅವರ ಕುಟುಂಬಕ್ಕಾಗಿ 1935ರಲ್ಲಿ ರೂಪಿಸಿದ ಈ ಮನೆಗೆ ಹೊಂದಿಕೊಂಡ ಅತಿಥಿಗೃಹ 1939ರಲ್ಲಿ ಮುಗಿಯಿತು. ಬೇರ್ ರನ್ ಎಂಬ ತೊರೆಯ ಜಲಪಾತವನ್ನು ನೋಡುತ್ತಾ ಕುಳಿತುಕೊಳ್ಳುವ ಮನೆಯನ್ನು ಆ ಕುಟುಂಬ ಬಯಸಿತ್ತು. ರೈಟ್ ಮನೆಯನ್ನು ಜಲಪಾತದ ಮೇಲೆಯೇ ನಿಲ್ಲಿಸಿದರು. ಮನೆಯೊಳಗಿನಿಂದ ಜಲಪಾತ ಕಾಣುವುದಿಲ್ಲ, ಅದರ ಸದ್ದು ಮಾತ್ರ ಸದಾ ಕೇಳುತ್ತಿರುತ್ತದೆ. ಪ್ರಕೃತಿಯನ್ನು ಕಿಟಕಿಯ ಚೌಕಟ್ಟಿನ ಚಿತ್ರವಾಗಿಸದೆ ಬಾಳಿನ ಹಿನ್ನೆಲೆಯಾಗಿಸಿದ ಈ ನಿರ್ಧಾರವೇ ಆ ಕೃತಿಯ ನಿಜವಾದ ಪ್ರತಿಭೆ. ಗೋಡೆಗಳ ಕಲ್ಲು ಅದೇ ಜಾಗದ ಮರಳುಗಲ್ಲು. ಅಲ್ಲಿದ್ದ ದೊಡ್ಡ ಬಂಡೆಯೊಂದನ್ನು ಒಡೆಯದೆ ಉಳಿಸಿಕೊಂಡು ಹಜಾರದ ಒಲೆಯನ್ನು ಅದರ ಮೇಲೆ ಕಟ್ಟಿದ್ದಾರೆ. ಹಜಾರದಿಂದ ನೇರವಾಗಿ ತೊರೆಗೆ ಇಳಿಯುವ ಮೆಟ್ಟಿಲುಗಳಿವೆ. 2019ರಲ್ಲಿ ಇದು ರೈಟ್ ಅವರ ಇತರ ಏಳು ಕಟ್ಟಡಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆದರೆ ವಿಮರ್ಶಕನು ಜಲಪಾತದ ಸೊಬಗಿಗೆ ಮರುಳಾಗಿ ಮಾಡಿನ ಸೋರಿಕೆಯನ್ನು ಮರೆಯುವಂತಿಲ್ಲ. ಒಂದೇ ಬದಿಯ ಆಧಾರದಲ್ಲಿ ತೊರೆಯ ಮೇಲೆ ಮುಂಚಾಚಿಕೊಂಡ ಕಾಂಕ್ರೀಟಿನ ಬಾಲ್ಕನಿಗಳು ಆ ಮನೆಯ ಹೆಗ್ಗಳಿಕೆ. ಕಟ್ಟುವಾಗಲೇ ಎಂಜಿನಿಯರುಗಳು ಅವುಗಳ ಬಲದ ಬಗ್ಗೆ ಸಂಶಯ ವ್ಯಕ್ತಪಡಿಸಿದರು, ರೈಟ್ ಸಿಟ್ಟಾದರು. ಆಧಾರದ ಹಲಗೆಗಳನ್ನು ಬಿಚ್ಚಿದ ದಿನದಿಂದಲೇ ಅವು ಬಾಗತೊಡಗಿದವು. ದಶಕಗಳು ಕಳೆದಂತೆ ಬಾಗು ಸುಮಾರು ಏಳು ಇಂಚಿಗೆ ಮುಟ್ಟಿತು. ಕೊನೆಗೆ 2002ರಲ್ಲಿ ನೆಲವನ್ನು ಬಿಚ್ಚಿ, ಒಳಗೆ ಉಕ್ಕಿನ ಹಗ್ಗಗಳನ್ನು ಬಿಗಿದು ಕುಸಿತವನ್ನು ತಡೆಯಬೇಕಾಯಿತು. ಮನೆ ಸೋರುತ್ತಿತ್ತು, ತೇವದಿಂದ ಬೂಷ್ಟು ಹಿಡಿಯುತ್ತಿತ್ತು. ಖರ್ಚು ಆರಂಭದ ಅಂದಾಜಿನ ಹಲವು ಪಟ್ಟು ಏರಿ ಸುಮಾರು 1,55,000 ಡಾಲರಿಗೆ ಮುಟ್ಟಿತು. ಅದೂ ಸಿರಿವಂತರ ವಾರಾಂತ್ಯದ ವಿಶ್ರಾಂತಿಗಾಗಿ. ಕಲ್ಲಿನಲ್ಲಿ, ಒಲೆಯಲ್ಲಿ, ಸದ್ದಿನಲ್ಲಿ ರೈಟ್ ಬೆಟ್ಟದ ಮಾತನ್ನು ಕೇಳಿದರು. ಚಾಚಿಕೊಂಡ ಕಾಂಕ್ರೀಟಿನಲ್ಲಿ ಬೆಟ್ಟವು ತಮ್ಮ ಮಾತನ್ನು ಕೇಳಲಿ ಎಂದು ಹಟ ಹಿಡಿದರು. ಮಹಾಕೃತಿಗಳಲ್ಲಿ ವಿನಯವೂ ಅಹಂಕಾರವೂ ಒಂದೇ ಸೂರಿನಡಿ ಇರಬಲ್ಲವು ಎಂಬುದಕ್ಕೆ ಆ ಮನೆ ಸಾಕ್ಷಿ. ಇಂದು ನಮ್ಮ ಬೆಟ್ಟಗಳಲ್ಲಿ ಏಳುತ್ತಿರುವ ಗಿರಿಗೃಹಗಳು ಅವರಿಂದ ಕಲಿತದ್ದು ಹೆಚ್ಚಾಗಿ ಆ ಚಾಚುವಿಕೆಯನ್ನು. ಒಡೆಯದೆ ಉಳಿಸಿದ ಬಂಡೆಯನ್ನಲ್ಲ. ಇದು ವಿಷಾದದ ಸಂಗತಿ.

ಇದಕ್ಕೆ ಪ್ರತಿಯಾಗಿ ಇನ್ನೊಬ್ಬರನ್ನು ನೆನೆಯಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿ, ಭಾರತದ ಪೌರತ್ವ ಪಡೆದು, 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ಕ್ವೇಕರ್ ಪಂಥದ ಕ್ರೈಸ್ತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ವೈದ್ಯಕೀಯ ಸೇವೆ ಮಾಡಿ ಮರಳುವಾಗ ಮುಂಬಯಿಯಲ್ಲಿ ಹಡಗಿಗಾಗಿ ಕಾಯುತ್ತಿದ್ದ ಅವರಿಗೆ ಗಾಂಧೀಜಿಯವರ ಭೇಟಿಯಾಯಿತು. ಆದರ್ಶ ಗ್ರಾಮದ ಮನೆಗೆ ಐದು ಮೈಲಿಯ ಒಳಗೆ ಸಿಗುವ ಸಾಮಗ್ರಿಯನ್ನೇ ಬಳಸಬೇಕೆಂಬ ಗಾಂಧೀಜಿಯ ಅಭಿಪ್ರಾಯ ಅವರ ಬದುಕಿನ ದಾರಿಯನ್ನೇ ಬದಲಿಸಿತು. ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆಂದು ಭಾರತಕ್ಕೆ ಮರಳಿದ ಅವರು ವೈದ್ಯೆಯಾಗಿದ್ದ ಎಲಿಜಬೆತ್ ಜೇಕಬ್ ಅವರನ್ನು 1948ರಲ್ಲಿ ವಿವಾಹವಾದರು. ಮುಂದೆ ಇಬ್ಬರೂ ಹಿಮಾಲಯದ ಪಿಥೋರಗಢದಲ್ಲಿ ಒಂದೂವರೆ ದಶಕ ನೆಲೆಸಿ ಬೆಟ್ಟದ ಜನರಿಗೆ ಚಿಕಿತ್ಸೆ ನೀಡಿದರು.

ಬೇಕರ್ ಅವರ ನಿಜವಾದ ಗುರುಕುಲ ಆ ಬೆಟ್ಟವೇ. ತಾವು ಕಾಲೇಜಿನಲ್ಲಿ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಾರದೆಂದೂ, ಶತಮಾನಗಳ ಅನುಭವದಿಂದ ಹಳ್ಳಿಗರು ಕಟ್ಟುವ ಕಲ್ಲು ಮಣ್ಣಿನ ಮನೆಗಳೇ ಅಲ್ಲಿಯ ಚಳಿ ಮಳೆಗಳಿಗೆ ಸರಿಯಾದ ಉತ್ತರವೆಂದೂ ಅವರು ಕಂಡುಕೊಂಡರು. ಪರಿಣತನೊಬ್ಬ ಓದುಬಾರದವನ ಮುಂದೆ ಶಿಷ್ಯನಾಗಿ ಕುಳಿತ ಈ ಘಟನೆ ಭಾರತದ ಆಧುನಿಕ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಮಹತ್ವದ್ದು.

ಮುಂದೆ ತಿರುವನಂತಪುರದ ನಾಲಂಚಿರದಲ್ಲಿ ಅವರು ತಮಗಾಗಿ ಕಟ್ಟಿಕೊಂಡ ಹ್ಯಾಮ್ಲೆಟ್ ಎಂಬ ಮನೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಮಲಂಕರ ಕಥೋಲಿಕ ಧರ್ಮಸಭೆಯ ಮಹಾಧರ್ಮಾಧ್ಯಕ್ಷ ಬೆನೆಡಿಕ್ಟ್ ಮಾರ್ ಗ್ರೆಗೊರಿಯೊಸ್ ಅವರು ಕೊಟ್ಟ ಆ ಜಾಗ ಕಡಿದಾದ ಇಳಿಜಾರು. ಮಣ್ಣಿಗಿಂತ ಬಂಡೆಯೇ ಹೆಚ್ಚು. ಇನ್ನೊಬ್ಬರಾಗಿದ್ದರೆ ಮೊದಲು ಸಮತಟ್ಟು ಮಾಡಲು ಹೊರಡುತ್ತಿದ್ದರು. ಬೇಕರ್ ಒಂದು ಪುಟ್ಟ ಕೋಣೆಯಿಂದ ಆರಂಭಿಸಿದರು. ಅಗತ್ಯ ಬಂದಂತೆ, ಬಂಡೆ ಜಾಗ ಬಿಟ್ಟಂತೆ, ಒಂದೊಂದೇ ಕೋಣೆ ಸೇರಿಕೊಂಡಿತು. ನೆಲದ ಮಟ್ಟ ಬದಲಾದಲ್ಲಿ ಮನೆಯ ಮಟ್ಟವೂ ಬದಲಾಯಿತು. ಮರ ಅಡ್ಡ ಬಂದಲ್ಲಿ ಗೋಡೆ ಬಳುಕಿತು. ಕೆಡವಿದ ಹಳೆಯ ಮನೆಗಳ ಮರ, ಒಡೆದ ಹೆಂಚು, ಬಣ್ಣದ ಬಾಟಲಿಗಳು ಗೋಡೆಯೊಳಗೆ ಸ್ಥಾನ ಪಡೆದವು. ಆ ಮನೆ ಯಾವ ಎಲೆಯನ್ನೂ ಶಂಖವನ್ನೂ ಹೋಲುವುದಿಲ್ಲ. ಆದರೆ ಇಳಿಜಾರಿನಲ್ಲಿ ಬೆಳೆಯುವ ಗಿಡದ ನಡತೆ ಅದಕ್ಕಿದೆ.

ಮನೆ ಕಟ್ಟುವ ಸಾಮಾನ್ಯರಿಗಾಗಿ ಅವರು ಚಿತ್ರಗಳೊಡನೆ ಬರೆದ ಕಿರುಪುಸ್ತಕಗಳಲ್ಲಿ ಇಳಿಜಾರಿನ ಬಗ್ಗೆ ನೇರವಾದ ಸಲಹೆಯಿದೆ: ಮನೆಯ ಉದ್ದವನ್ನು ಇಳಿಜಾರಿಗೆ ಅಡ್ಡಲಾಗಿ, ಬೆಟ್ಟದ ಸಮಮಟ್ಟದ ಗೆರೆಯನ್ನು ಅನುಸರಿಸಿ ಇಟ್ಟರೆ ಅಗೆತವೂ ಕಡಿಮೆ, ತುಂಬುವ ಮಣ್ಣೂ ಕಡಿಮೆ, ಖರ್ಚೂ ಕಡಿಮೆ. ನಮ್ಮ ರೈತರು ಹೊಲದಲ್ಲಿ ಬದು ಹಾಕುವಾಗ ಪಾಲಿಸುವ ನಿಯಮವೂ ಇದೇ. ಇಟ್ಟಿಗೆಗಳನ್ನು ಮಗ್ಗುಲ ಮೇಲೆ ನಿಲ್ಲಿಸಿ ಗೋಡೆಯೊಳಗೆ ಟೊಳ್ಳು ಬಿಡುವ, ಇಲಿಬೋನಿನ ಹೆಸರಿನ ಜೋಡಣೆಯನ್ನು ಅವರು ಪ್ರಚಾರ ಮಾಡಿದರು. ಅದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಕಾಂಕ್ರೀಟಿನ ಮಾಡಿನಲ್ಲಿ ಭಾರ ಹೊರದ ಭಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ತುಂಬಿಸಿ ಸಿಮೆಂಟು ಉಳಿಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚು ಹೀಗೆ ಹೊಸ ಕೆಲಸವೊಂದನ್ನು ಕಂಡುಕೊಂಡಿತು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಯೇಸುಸಭೆಯವರಿಗಾಗಿ ಅವರು ಕಟ್ಟಿದ ಲೊಯೋಲ ಪ್ರಾರ್ಥನಾಲಯದ ಜಾಲಂದರದ ಇಟ್ಟಿಗೆ ಗೋಡೆಗಳನ್ನು ನೋಡಿದವರು, ಕಡಿಮೆ ಖರ್ಚಿನಲ್ಲೂ ಎಷ್ಟು ಗಾಂಭೀರ್ಯ ಸಾಧ್ಯವೆಂಬುದನ್ನು ಬಲ್ಲರು.

ಬೇಕರ್ ಮಾರ್ಗಕ್ಕೂ ಮಿತಿಗಳುಂಟು. ಅದು ಕುಶಲ ಮೇಸ್ತ್ರಿಗಳನ್ನು ಬೇಡುತ್ತದೆ, ಅಂಥವರು ಅಪರೂಪವಾಗುತ್ತಿದ್ದಾರೆ. ಸುಟ್ಟ ಇಟ್ಟಿಗೆಗೆ ಮೇಲ್ಮಣ್ಣೂ ಸೌದೆಯೂ ಬೇಕು. ಗಾರೆ ಮಾಡದ ಗೋಡೆ ಮಲೆನಾಡಿನ ಮಳೆಯಲ್ಲಿ ಮಾಡಿನ ಅಂಚು ಸಾಕಷ್ಟು ಚಾಚಿರದಿದ್ದರೆ ಪಾಚಿ ಹಿಡಿಯುತ್ತದೆ. ಈ ಕೊರತೆಗಳಲ್ಲಿ ಒಂದಕ್ಕೆ ನಮ್ಮ ಕರ್ನಾಟಕದಲ್ಲೇ ಉತ್ತರ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ರೂಢಿಗೆ ತಂದರು. ಅಡಿಪಾಯ ಅಗೆದ ಮಣ್ಣೇ ಗೋಡೆಯಾಗುವ ಮನೆಗಳು ಇಂದು ನಾಡಿನ ಹಲವೆಡೆ ಇವೆ.

ಇಷ್ಟೆಲ್ಲ ವಿವೇಕವನ್ನು ಬೋಧಿಸುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಅಧಿಕಾರವಲ್ಲ, ಒಂದು ತಪ್ಪಿನ ನೆನಪು. ಗುರುದೀಕ್ಷೆಯಾದ ಕೆಲವೇ ವರ್ಷಗಳಲ್ಲಿ ಮಲೆನಾಡಿನ ಪುಟ್ಟ ಧರ್ಮಕೇಂದ್ರವೊಂದರ ಹೊಣೆ ನನ್ನ ಮೇಲೆ ಬಿತ್ತು. ಅಲ್ಲಿ ಗುರುನಿಲಯ ಕಟ್ಟುವ ಕೆಲಸ ಆರಂಭವಾಯಿತು. ದೇವಾಲಯದ ಹಿಂದಿನ ಗುಡ್ಡವನ್ನು ನೇರವಾಗಿ ಕಡಿದರೆ ದೊಡ್ಡ ಅಂಗಳ ಸಿಗುತ್ತದೆಂದು ನನಗೆ ಹುಮ್ಮಸ್ಸು. ಊರಿನ ವಯಸ್ಸಾದ ಮೇಸ್ತ್ರಿಯೊಬ್ಬರು ಕಡಿದ ಧರೆಯ ಮುಂದೆ ನಿಂತು, “ಗುಡ್ಡದ ಕಾಲು ಕಡಿದ್ರೆ ಅದು ಯಾವುದರ ಮೇಲೆ ನಿಲ್ಲಬೇಕು ಫಾದರ್? ಒಳಗಡೆ ಒರತೆ ಉಂಟು, ನೀರಿಗೆ ದಾರಿ ಬಿಡಿ,” ಎಂದರು. ನಾನು ನಕ್ಷೆ ನೋಡುತ್ತಿದ್ದೆ, ಅವರ ಮುಖ ನೋಡಲಿಲ್ಲ. ಎರಡನೆಯ ಮಳೆಗಾಲದ ಒಂದು ರಾತ್ರಿ ತಡೆಗೋಡೆ ಹೊಟ್ಟೆ ಉಬ್ಬಿ ಬಿರಿಯಿತು. ಕೆಸರು ಅಡಿಗೆಯ ಕೋಣೆಯ ಬಾಗಿಲವರೆಗೆ ಬಂತು. ಅಲ್ಲಿ ಮಲಗುತ್ತಿದ್ದ ಅಡಿಗೆಯಾತ ಅಂದು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಆ ಮದುವೆ ಒಂದು ವಾರ ಮುಂದೆ ಹೋಗಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಇಂದಿಗೂ ಮಳೆಯ ರಾತ್ರಿಗಳಲ್ಲಿ ನನ್ನನ್ನು ಎಬ್ಬಿಸುತ್ತದೆ. ಮರುದಿನ ಅದೇ ಮೇಸ್ತ್ರಿ ಗುದ್ದಲಿ ಹಿಡಿದು ಬಂದರು. ಒಂದು ಮಾತೂ ಆಡದೆ ನೀರಿಗೆ ಕಾಲುವೆ ತೆಗೆದರು.

ನನ್ನದು ಒಂದು ಗೋಡೆಯ ಕಥೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಸುತ್ತಿನಲ್ಲಿ ಬೆಟ್ಟಗಳೇ ಜಾರಿ ಮನೆ ತೋಟಗಳನ್ನು ನುಂಗಿದವು. ಅತಿವೃಷ್ಟಿಯ ಜೊತೆಗೆ, ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ಗುರುತಿಸಿದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಈ ಎಲ್ಲ ದುರಂತಗಳಿಗೂ ಗಿರಿಗೃಹಗಳೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಸತ್ತವರಲ್ಲಿ ಬಹಳ ಮಂದಿ ತೋಟದ ಕೂಲಿಗಳು, ಸಣ್ಣ ಮನೆಗಳ ಬಡವರು. ಆದರೆ ಬೆಟ್ಟದ ಮೇಲೆ ನಾವು ಮಾಡುವ ಪ್ರತಿಯೊಂದು ಕಡಿತದ ಲೆಕ್ಕವನ್ನು ಬೆಟ್ಟದ ಕೆಳಗಿರುವವರು ತೆರಬೇಕಾಗಿ ಬರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಇಲ್ಲಿ ಆತ್ಮವಿಮರ್ಶೆಯ ಮಾತೊಂದನ್ನೂ ಆಡಬೇಕು. ಪಶ್ಚಿಮ ಘಟ್ಟಗಳ ಕುರಿತು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಕೇರಳದ ಬೆಟ್ಟಪ್ರದೇಶಗಳಲ್ಲಿ ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ನಮ್ಮ ಧರ್ಮಸಭೆಯ ಮುಂದಾಳುಗಳೂ ಇದ್ದರು. ಬೆಟ್ಟದ ಸಣ್ಣ ಕೃಷಿಕನು ನೆಲೆ ಕಳೆದುಕೊಂಡಾನೆಂಬ ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ಕೃಷಿಕನ ಭಯದ ಮರೆಯಲ್ಲಿ ಕಲ್ಲುಕೋರೆಗಳೂ ವಿಲಾಸದ ಕಟ್ಟಡಗಳೂ ರಕ್ಷಣೆ ಪಡೆದವು. ಆ ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ನಾವು ತೋರಬೇಕಿತ್ತು.

ಮಂಡ್ಯದ ಬಯಲಿನಲ್ಲಿರುವವರು ಇದು ಘಟ್ಟದವರ ಸಮಸ್ಯೆಯೆಂದು ನಿರಾಳವಾಗಿರುವಂತಿಲ್ಲ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆಯ ವಿವಾದ ಎಲ್ಲರಿಗೂ ತಿಳಿದದ್ದೇ. ಸ್ಫೋಟಗಳಿಂದ ಕೃಷ್ಣರಾಜಸಾಗರಕ್ಕೆ ಅಪಾಯವಿದೆಯೆಂಬ ಆತಂಕದ ಹಿನ್ನೆಲೆಯಲ್ಲಿ 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಒಂದು ಬೆಟ್ಟದ ಮೇಲೆ ಪ್ರಕೃತಿಪ್ರೇರಿತ ಮನೆ ಏಳುವಾಗ ಅದರ ಜಲ್ಲಿ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕೆಲವೊಮ್ಮೆ ಒಂದು ಬೆಟ್ಟದ ಸೌಂದರ್ಯವನ್ನು ಸವಿಯಲು ಇನ್ನೊಂದು ಬೆಟ್ಟವನ್ನೇ ಪುಡಿಮಾಡಿರುತ್ತೇವೆ.

ಹಾಗಾದರೆ ಬೆಟ್ಟದಲ್ಲಿ ಮನೆಯನ್ನೇ ಕಟ್ಟಬಾರದೇ? ಹಾಗಲ್ಲ. ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಮಳೆಯ ನೀರು ಈ ಜಾಗದಲ್ಲಿ ಇಷ್ಟು ಕಾಲ ಯಾವ ದಾರಿಯಲ್ಲಿ ಹರಿಯುತ್ತಿತ್ತು, ನನ್ನ ಮನೆ ಬಂದ ಮೇಲೆ ಯಾವ ದಾರಿಯಲ್ಲಿ ಹರಿಯುತ್ತದೆ? ಎಷ್ಟು ಮಣ್ಣನ್ನು ಕಡಿಯುತ್ತೇನೆ, ಅದನ್ನು ಎಲ್ಲಿ ಸುರಿಯುತ್ತೇನೆ? ಗೋಡೆಯ ಕಲ್ಲು, ಮಣ್ಣು, ಮರ ಎಷ್ಟು ದೂರದಿಂದ ಬರುತ್ತವೆ? ನನ್ನ ಮನೆಯ ಕೆಳಗೆ ಯಾರ ಮನೆಯಿದೆ? ಮಾಡಿನ ಆಕಾರ ಎಲೆಯಂತಿರಬೇಕೋ ಹಕ್ಕಿಯಂತಿರಬೇಕೋ ಎಂಬುದು ಐದನೆಯ ಪ್ರಶ್ನೆ. ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಆಕಾರ ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ. ಬೇಕರ್ ಅವರ ಬಳುಕುಗೋಡೆಗಳು ಹುಟ್ಟಿದ್ದೂ ಹಾಗೆಯೇ.

ಶುಭಸಂದೇಶದಲ್ಲಿ ಬಂಡೆಯ ಮೇಲೆ ಮನೆ ಕಟ್ಟಿದ ಜಾಣನ ಸಾಮತಿ ಎಲ್ಲರಿಗೂ ಗೊತ್ತಿದೆ. ಗುರುಮಠದಲ್ಲಿ ಅದನ್ನು ಓದುವಾಗ ನಮ್ಮ ಅಧ್ಯಾಪಕರು ಒಂದು ವ್ಯತ್ಯಾಸವನ್ನು ತೋರಿಸಿದ್ದರು. ಸಂತ ಮತ್ತಾಯರು ಬಂಡೆಯನ್ನು ಮಾತ್ರ ಹೇಳುತ್ತಾರೆ. ಸಂತ ಲೂಕರು ಆ ಮನುಷ್ಯನು ಆಳವಾಗಿ ಅಗೆದು ಬಂಡೆಯನ್ನು ತಲುಪಿದನೆಂಬ ವಿವರವನ್ನು ಸೇರಿಸುತ್ತಾರೆ. ಅವನು ಅಗೆದದ್ದು ಅಂಗಳವನ್ನು ಹಿಗ್ಗಿಸಲಿಕ್ಕಲ್ಲ, ತನ್ನ ಕಾಲಡಿಯಲ್ಲಿ ಏನಿದೆಯೆಂದು ತಿಳಿಯಲಿಕ್ಕೆ. ಪ್ರವಾಹ ಇಬ್ಬರ ಮನೆಗೂ ಬಂತು. ಎರಡೂ ಮನೆಗಳ ಅಂದಚಂದದ ಬಗ್ಗೆ ಸಾಮತಿ ಒಂದು ಮಾತನ್ನೂ ಹೇಳುವುದಿಲ್ಲ.

ಅಂದು ಆದಿಚುಂಚನಗಿರಿಯಿಂದ ಇಳಿಯುವಾಗ ಸಂಜೆಯಾಗಿತ್ತು. ಬಂಡೆಗಳು ಹಗಲಿನ ಬಿಸಿಯನ್ನು ಇನ್ನೂ ಉಸಿರಾಡುತ್ತಿದ್ದವು. ಪೊದೆಗಳ ನಡುವೆ ನವಿಲೊಂದು ಕೂಗಿತು. ಈಚೆಗೆ ಆ ದಂಪತಿಗಳಿಗೆ ದೂರವಾಣಿ ಮಾಡಿ ಮೇಲಿನ ನಾಲ್ಕು ಪ್ರಶ್ನೆಗಳನ್ನು ಓದಿ ಹೇಳಿದೆ. ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದ. ಆತನ ಹೆಂಡತಿ ಮಾತ್ರ, “ಫಾದರ್, ನಮ್ಮ ಜಾಗದ ಕೆಳಗೆ ಒಂದು ಲೈನ್ ಮನೆ ಇದೆ. ತೋಟದ ಕೆಲಸದವರು ಇರ್ತಾರೆ. ಇಷ್ಟು ದಿನ ಅದನ್ನ ಯೋಚನೆ ಮಾಡಿರ್ಲಿಲ್ಲ,” ಎಂದಳು. ಈ ಮಳೆಗಾಲ ಮುಗಿಯುವವರೆಗೆ ಕೆಲಸ ಆರಂಭಿಸದೆ, ಮಳೆ ಹಿಡಿದ ದಿನಗಳಲ್ಲಿ ಹೋಗಿ ನೀರು ಹರಿಯುವುದನ್ನು ನೋಡಿ ಬರುತ್ತೇವೆ ಎಂದೂ ಹೇಳಿದಳು. ಕೊಡೆ ಹಿಡಿದು ಜೊತೆಗೆ ಬರುತ್ತೇನೆಂದು ನಾನೂ ಒಪ್ಪಿಕೊಂಡಿದ್ದೇನೆ.